ಡಬ್ಬಿಯ ಮೇಲೆ ಒಂದೇ ಅಕ್ಷರ

ನಮ್ಮ ಮನೆಯ ಕಾಫಿಪುಡಿ ಡಬ್ಬಿಯ ಮೇಲೆ ‘ಕಾ’ ಅಂತ ಒಂದೇ ಒಂದು ಅಕ್ಷರ ಕೊರೆದಿದೆ. ಬಂದವರೆಲ್ಲ ನೋಡಿ ಮೆಚ್ಚಿಕೊಳ್ಳುತ್ತಾರೆ. “ಎಷ್ಟು ಅಚ್ಚುಕಟ್ಟು ರೀ ನೀವು! ಕಾಫಿಪುಡಿಗೆ ಕಾ, ಸಕ್ಕರೆಗೆ ಸ ಅಂತ ಹೊಡೆಸಿಟ್ಟಿದೀರ!” ಎನ್ನುತ್ತಾರೆ. ಸಕ್ಕರೆ ಡಬ್ಬಿಯನ್ನು ಇದುವರೆಗೆ ಯಾರೂ ತಿರುಗಿಸಿ ನೋಡಿಲ್ಲ, ದೇವರು ದೊಡ್ಡವನು. ನನ್ನ ಸಕ್ಕರೆ ಇರುವುದು ಮುಚ್ಚಳ ಸೊಟ್ಟಗಾದ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ. ಅಚ್ಚುಕಟ್ಟಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ.

ನಿಜ ಹೇಳಬೇಕೆಂದರೆ ಆ ಅಕ್ಷರಕ್ಕೂ ಕಾಫಿಗೂ ಏನೇನೂ ಸಂಬಂಧವಿಲ್ಲ. ಅಕ್ಷರ ಮೊದಲು ಬಂತು, ಕಾಫಿಪುಡಿ ಆಮೇಲೆ. ಬಂದವರಿಗೆ ಉತ್ತರ ಹೇಳುವ ಕಷ್ಟ ತಪ್ಪಲಿ ಎಂದು ಅದರೊಳಗೆ ಕಾಫಿಪುಡಿ ತುಂಬಿಸಿದೆ. ಕಡಲೆಬೇಳೆಯನ್ನೂ ಹಾಕಬಹುದಿತ್ತು, ಆದರೆ ಅದಕ್ಕೆ ದೀರ್ಘ ಸಾಲದು.

ಹೋದ ವಾರ ಈ ಡಬ್ಬಿ ಕೈಯಲ್ಲಿ ಹಿಡಿದು ಚಮಚ ಹುಡುಕುತ್ತಿದ್ದೆ. ನನ್ನ ಮಗಳು ಸುಮ, ಈಗ ಪಿಯುಸಿ ಓದುತ್ತಾಳೆ, ಕಿಟಕಿಯ ಹತ್ತಿರ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ನಮ್ಮ ಎದುರುಮನೆಯ ಮಹಡಿಗೆ ಇಬ್ಬರು ಹುಡುಗಿಯರು ಬಾಡಿಗೆಗೆ ಬಂದಿದ್ದಾರೆ. ಮಣಿಪುರದವರಂತೆ, ನರ್ಸಿಂಗ್ ಓದುತ್ತಾರಂತೆ.

“ಅಮ್ಮ, ಚಪ್ಪಟೆ ಮೂಗುಗಳು ಬಂದ್ವು ನೋಡು. ಬೀಗ ತೆಗೆಯಕ್ಕೇ ಹತ್ತು ನಿಮಿಷ ಆಗ್ತಿದೆ ಪಾಪ.”

ಕೆಟ್ಟ ಹುಡುಗಿಯಲ್ಲ ನನ್ನ ಮಗಳು. ಕೊನೆಗೆ ‘ಪಾಪ’ ಅಂತಲೂ ಸೇರಿಸಿದಳಲ್ಲ. ಆ ‘ಪಾಪ’ವೇ ನನ್ನ ಕೈ ನಿಲ್ಲಿಸಿದ್ದು. ಚಮಚ ಹುಡುಕುವುದು ಬಿಟ್ಟು, ಡಬ್ಬಿಯನ್ನು ಬೆಳಕಿಗೆ ಹಿಡಿದು ಕೂತುಬಿಟ್ಟೆ. ಹಾಲು ಉಕ್ಕಿತು. ಉಕ್ಕಲಿ.

ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹೊಡೆಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೆ ಪಾತ್ರೆ ಕೊಟ್ಟರೂ ಹೆಸರಿಲ್ಲದೆ ಕೊಟ್ಟರೆ ಅದು ಅಂಗಡಿಯ ಪಾತ್ರೆಯೇ ಹೊರತು ಉಡುಗೊರೆಯಲ್ಲ. ನನ್ನ ತವರು ಬ್ಯಾಟರಾಯನಪುರ. ಆಗ ಅದು ಹಳ್ಳಿಯೇ. ನನ್ನ ಮದುವೆಯಲ್ಲಿ ನಮ್ಮಪ್ಪ ಆರು ಲೋಟ, ಎರಡು ಚೊಂಬು, ಒಂದು ಕೊಳಗ ಕೊಟ್ಟರು. ಎಲ್ಲದರ ಮೇಲೂ ‘ಸೌ. ಲಕ್ಷ್ಮೀದೇವಮ್ಮ’ ಎಂದು ಚುಕ್ಕಿಚುಕ್ಕಿಯಾಗಿ ಉಳಿಯಲ್ಲಿ ಹೊಡೆಸಿದ್ದರು.

ಒಳ್ಳೆಯದೇ ಆಯಿತು. ಏಕೆಂದರೆ ಆರ್.ಟಿ. ನಗರದ ನನ್ನ ಅತ್ತೆಮನೆಯಲ್ಲಿ ಆ ಹೆಸರು ಗೊತ್ತಿದ್ದುದು ಆ ಲೋಟಗಳಿಗೆ ಮಾತ್ರ. ನಮ್ಮ ಹಳ್ಳಿಯಲ್ಲಿ ಹಕಾರವನ್ನು ಅಷ್ಟಾಗಿ ಖರ್ಚು ಮಾಡುವುದಿಲ್ಲ. ಹಿಂಗೆ ಎನ್ನಲು ಇಂಗೆ, ಹಂಗೆ ಎನ್ನಲು ಅಂಗೆ. ಬಂದ ಮೊದಲ ದಿನವೇ ನನ್ನ ನಾದಿನಿ ಅದನ್ನು ಹಿಡಿದುಕೊಂಡು ನನಗೆ ‘ಇಂಗಮ್ಮ’ ಎಂದು ಹೆಸರಿಟ್ಟಳು. “ಇಂಗಮ್ಮ, ಇಂಗ್ ಬಾ. ಇಂಗಮ್ಮ, ಸಾರಿಗೆ ಇಂಗು ಹಾಕ್ದ್ಯಾ?” ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಹದಿನೆಂಟು ವರ್ಷದ ಹೊಸ ಸೊಸೆ. ಪಾತ್ರೆ ತೊಳೆಯುವಾಗ ಮಾತ್ರ ನನ್ನ ಲೋಟವನ್ನು ಎರಡು ಸಲ ಉಜ್ಜುತ್ತಿದ್ದೆ. ಹುಣಿಸೆಹಣ್ಣಿನಲ್ಲಿ ಹೆಸರು ಫಳಫಳ ಎನ್ನುವಾಗ, ಇರಲಿ, ಇಷ್ಟಾದರೂ ಉಳಿಸಿದೆಯಲ್ಲಪ್ಪ ಬ್ಯಾಟರಾಯ ಎಂದು ನಮ್ಮೂರ ದೇವರಿಗೆ ಹೇಳಿಕೊಳ್ಳುತ್ತಿದ್ದೆ.

ಇದನ್ನು ಯಾಕೆ ಹೇಳಿದೆನೆಂದರೆ, ಮುಂದಿನದನ್ನು ಮಾಡಿದವಳು ಇಷ್ಟೆಲ್ಲ ಗೊತ್ತಿದ್ದ ಹೆಂಗಸೇ.

ಹದಿನಾಲ್ಕು ಹದಿನೈದು ವರ್ಷದ ಹಿಂದಿನ ಮಾತು, ಎಂಬತ್ತರ ಆಸುಪಾಸು. ಆರ್.ಟಿ. ನಗರ ಆಗ ಈಗಿನಷ್ಟು ಒತ್ತಾಗಿರಲಿಲ್ಲ. ನಮ್ಮ ಹಿತ್ತಲಲ್ಲಿ ಅತ್ತೆಯ ಹಸು ಗೌರಿ ಕಟ್ಟಿರುತ್ತಿತ್ತು. ಮಹಡಿಯ ಮೇಲೆ ಒಂದು ಕೋಣೆ ಹಾಕಿಸಿದ್ದೆವು. ನಮ್ಮ ಯಜಮಾನರು ಒಂದು ದಿನ ಕಚೇರಿಯಿಂದ ಬಂದವರೇ, “ಮೇಲಿನ ರೂಮಿಗೆ ಒಬ್ಬ ಹುಡುಗ ಬರ್ತಾನೆ. ಆಫ್ರಿಕಾದವನು. ಹೆಬ್ಬಾಳದಲ್ಲಿ ದನದ ಡಾಕ್ಟರಿಕೆ ಓದ್ತಾನೆ” ಎಂದರು. ಅತ್ತೆ ಬಾಯಿಯಿಂದ ಎಲೆಅಡಿಕೆ ತೆಗೆದು ಕೇಳಿದರು: “ಯಾರು, ಕಾಪ್ರಿನಾ?”

ಕಪ್ಪು ಮೈಯವರನ್ನು ಹೀಗಳೆಯುವ ಪದ ಇದು. ಯಾವುದೆಂದು ನಿಮಗೆ ತಿಳಿಯಲಿ ಎಂದು ಒಮ್ಮೆ ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ.

ಅವತ್ತಿನಿಂದ ಮೂರು ವರ್ಷ ಅವನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು. ಅವನು ಬಂದನಾ, ಉಂಡನಾ, ಬಟ್ಟೆ ಒಣಗಲು ಹಾಕಿದನಾ, ಎಲ್ಲದಕ್ಕೂ ಅದೇ. ಎದುರಿಗೆ ಮಾತ್ರ ಅನ್ನುತ್ತಿರಲಿಲ್ಲ. ಎದುರಿಗೆ ‘ಏನಪ್ಪಾ’, ‘ಬಾರಪ್ಪಾ’. ನಮ್ಮ ಭಾಷೆಯ ಒಂದು ಅನುಕೂಲವೋ ಅನಾನುಕೂಲವೋ ನೋಡಿ, ಅಪ್ಪ, ಅಮ್ಮ, ರೀ ಇಷ್ಟಿದ್ದರೆ ಒಬ್ಬ ಮನುಷ್ಯನ ಹೆಸರೇ ಗೊತ್ತಿಲ್ಲದೆ ಅವನ ಜೊತೆ ಮೂರು ವರ್ಷ ಸಂಸಾರದ ಮಾತೆಲ್ಲ ಆಡಬಹುದು. ಆದರೆ ನಮ್ಮ ಮಹಡಿ ಮೆಟ್ಟಿಲು ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಇತ್ತು. ಕೂಗಿ ಮಾತಾಡುವ ಮನೆ ನಮ್ಮದು.

ಹುಡುಗ ಚೆನ್ನಾಗಿ ಹೊಂದಿಕೊಂಡ. ಕನ್ನಡವನ್ನು ಕಾಲೇಜಿಗಿಂತ ಹೆಚ್ಚಾಗಿ ಸುತ್ತಮುತ್ತಲ ಹಳ್ಳಿಯ ಹಸು ಸಾಕುವವರಿಂದ ಕಲಿತಿದ್ದ. ಹಾಗಾಗಿ ಅವನ ಕನ್ನಡ ದನಕ್ಕೂ ಜನಕ್ಕೂ ಒಂದೇ. ಬೆಳಗ್ಗೆ ಸೈಕಲ್ ಇಳಿಸುತ್ತಾ ನಮ್ಮತ್ತೆಯನ್ನು ಕೇಳುತ್ತಿದ್ದ: “ಅಜ್ಜಿ, ಮೇವು ಆಯ್ತಾ?”

“ಈ ವಯಸ್ಸಿಗೆ ಮೇವೇ ಕಣಪ್ಪ. ಅಗಿಯೋಕೆ ಹಲ್ಲೆಲ್ಲಿದೆ?” ಎನ್ನುತ್ತಿದ್ದರು ಅತ್ತೆ.

ಅವನೂ ಇಂಗೆ, ಅಂಗೆ ಎನ್ನುತ್ತಿದ್ದ, ಥೇಟು ನನ್ನ ತವರಿನ ಹಾಗೆ. ಕೇಳಿದರೆ ನನ್ನ ತಮ್ಮನೇ ಜಗಲಿಯಲ್ಲಿ ಕೂತು ಮಾತಾಡಿದಂತೆ. ನಾದಿನಿ ತವರಿಗೆ ಬಂದಾಗ ಅವನ ಮಾತು ಕೇಳಿ “ಎಷ್ಟು ಮುದ್ದಾಗಿ ಮಾತಾಡ್ತಾನೆ!” ಎಂದಳು. ಅದೇ ಮಾತು ನನ್ನ ಬಾಯಲ್ಲಿ ಬಂದಾಗ ಈ ಮುದ್ದು ಎಲ್ಲಿ ಹೋಗಿತ್ತೋ.

ಭಾನುವಾರ ಅವನಿಗೆ ಕೆಳಗೇ ಊಟ. ರಾಗಿ ಮುದ್ದೆ ಕಂಡರೆ ಅವನ ಮುಖ ಅರಳುತ್ತಿತ್ತು. ಅವರ ಊರಲ್ಲೂ ಇದೇ ಊಟವಂತೆ, ರಾಗಿಯ ಬದಲು ಜೋಳದ ಹಿಟ್ಟಂತೆ, ಬಣ್ಣ ಬೆಳ್ಳಗಂತೆ. ಅವನು ಅಗಿಯುವುದನ್ನು ನೋಡಿ ಅತ್ತೆಗೆ ಸಂಕಟ. “ಅಗೀಬೇಡ ಕಣೋ, ನುಂಗು! ಮುದ್ದೆ ಅಗಿದೋನು ಕೆಟ್ಟ!” ಎಂದು ಪಾಠ ಹೇಳಿಕೊಟ್ಟು, ಕೊನೆಗೂ ನುಂಗುವುದನ್ನು ಕಲಿಸಿಬಿಟ್ಟರು.

ಗೌರಿಗೆ ಒಮ್ಮೆ ಕರು ಅಡ್ಡ ಬಂದು, ಮಧ್ಯಾಹ್ನವೆಲ್ಲ ಅವನು ಹಿತ್ತಲಲ್ಲಿ ಅಂಗಿ ಬಿಚ್ಚಿ ನಿಂತು ಈಯಿಸಿದ. ಅದರಿಂದಲೇ ನಮಗೆ ಬುದ್ಧಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅತ್ತೆ ಬೀದಿಗೆಲ್ಲ ಗಿಣ್ಣು ಹಂಚುತ್ತಾ ಅವನ ಗುಣಗಾನ ಮಾಡಿದರು. ಯಾವ ಹೆಸರಲ್ಲಿ? ಅದೇ ಹೆಸರಲ್ಲಿ. ಹಿಂದೆ ಒಂದು ‘ನಮ್ಮ’ ಸೇರಿಕೊಂಡಿತು ಅಷ್ಟೇ.

ಮೂರು ವರ್ಷ ಆಯಿತು, ಓದು ಮುಗಿಯಿತು. ಭಾನುವಾರ ಬೆಳಗ್ಗೆ ಬೊಂಬಾಯಿಗೆ ರೈಲು, ಅಲ್ಲಿಂದ ವಿಮಾನ. ಬರಿಗೈಯಲ್ಲಿ ಕಳಿಸಬಾರದು, ಒಂದು ಸ್ಟೀಲ್ ಡಬ್ಬಿ ತುಂಬ ರಾಗಿ ಹಿಟ್ಟು ಕೊಡೋಣ ಎಂದುಕೊಂಡೆ. ಡಬ್ಬಿ ಎಂದ ಮೇಲೆ ಹೆಸರು ಇರಲೇಬೇಕು. ಶುಕ್ರವಾರ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ಯಶವಂತಪುರದ ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯ ಜಗಲಿಯ ಮೇಲೆ ಹೆಸರು ಹೊಡೆಯುವ ಬಾಷಾ ಸಾಹೇಬರು ಕೂತಿರುತ್ತಿದ್ದರು. ಬಿಳಿ ಗಡ್ಡ, ಕನ್ನಡಕದ ಒಂದು ಕಡ್ಡಿಗೆ ದಾರ. ನಮ್ಮಪ್ಪ ನನ್ನ ಮದುವೆಯ ಲೋಟಗಳಿಗೆ ಹೆಸರು ಹೊಡೆಸಿದ್ದೂ ಅವರ ಕೈಯಲ್ಲೇ.

“ಏನಂತ ಹೊಡೀಲಿ ಅಮ್ಮಾ?”

ಅವರು ಕೇಳಿದಾಗ ನನ್ನ ತಲೆಯೊಳಗೆ ಏನೂ ಇರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಬಾಯಿ ತಾನೇ ತೆರೆದುಕೊಂಡು ಆ ಪದವನ್ನು ಹೇಳಿತು. “ನಮ್ಮ ಮೇಲಿನ ರೂಮಲ್ಲಿದ್ದ ಉಡ್ಗನಿಗೆ” ಎಂದು ಬಾಲವನ್ನೂ ಸೇರಿಸಿತು.

ಸಾಹೇಬರು ತಲೆ ಬಗ್ಗಿಸಿ ಟಕಟಕ ಎಂದು ಒಂದು ಅಕ್ಷರ ಹೊಡೆದರು. ಎರಡನೆಯದಕ್ಕೆ ಇಟ್ಟ ಉಳಿ ಅಲ್ಲೇ ನಿಂತಿತು. ಕನ್ನಡಕ ಮೇಲಕ್ಕೆತ್ತಿ ನನ್ನನ್ನು ನೋಡಿದರು.

“ಇದು ಅವರ ಅಮ್ಮ ಇಟ್ಟಿರೋ ಹೆಸರಾ ಅಮ್ಮಾ?”

ನಾನು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದೆ, ಅವರು ಉಳಿ ಕೆಳಗಿಟ್ಟರು.

“ಯಾಕ್ ಕೇಳ್ದೆ ಅಂದ್ರೆ, ಬಜಾರಲ್ಲಿ ನನಗೂ ಜನ ಒಂದೊಂದು ಅಂತಾರೆ. ಎದುರಿಗೂ ಅಂತಾರೆ, ಹಿಂದೆನೂ ಅಂತಾರೆ. ಹೋಗ್ಲಿ ಬಿಡಿ, ಬಾಯಲ್ಲಿ ಬಂದಿದ್ದು ಗಾಳೀಲಿ ಹೋಗತ್ತೆ ಅಂತ ಸುಮ್ನಿರ್ತೀನಿ. ಆದ್ರೆ ಸ್ಟೀಲ್ ಮೇಲೆ ಹೊಡೆದ್ರೆ ಹೋಗಲ್ಲ ಅಮ್ಮಾ. ಅವ್ರ ಅಮ್ಮಾನೇ ಈ ಡಬ್ಬಿ ತೊಳೀತಾರೆ. ಕೇಳ್ಕೊಂಡ್ ಬನ್ನಿ. ನಾನು ನಾಳೆ ಸಂಜೆಗಂಟ ಇರ್ತೀನಿ.”

ಬಸ್ಸಿನಲ್ಲಿ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದೆ. ಅಕ್ಷರ ಯಾರಿಗೆ ಕಾಣುತ್ತಿತ್ತೋ! ಆದರೂ ಮುಚ್ಚಿಕೊಂಡೆ. ಒಂದೇ ಅಕ್ಷರಕ್ಕೆ ಉಳಿ ನಿಲ್ಲಿಸಿದೆಯಲ್ಲ ಸ್ವಾಮಿ, ನಿನ್ನ ದಯ ಎಂದುಕೊಂಡೆ. ಆಗಲೇ ನಾನು ದಿನವೂ ಬೆಳಗ್ಗೆ ದೇವರ ಸಾವಿರ ನಾಮ ಹೇಳುತ್ತೇನಲ್ಲ ಎನ್ನುವುದು ನೆನಪಾಯಿತು. ಬೀದಿಯ ಭಜನೆಯವರ ಜೊತೆ ಕೂತು ಬಾಯಿಪಾಠ ಮಾಡಿದ್ದು. ಸಾವಿರ ಹೆಸರು ಹಿಡಿಸುವ ತಲೆಯೊಳಗೆ ಮೂರು ವರ್ಷದಲ್ಲಿ ಇನ್ನೊಂದಕ್ಕೆ ಜಾಗವಾಗಲಿಲ್ಲ.

ಮನೆಗೆ ಬಂದು ಯಜಮಾನರನ್ನು ಕೇಳಿದೆ.

“ಏನೋ ಇದೆ ಕಣೇ. ಚಿ... ಚಿ ಅಂತ ಶುರು ಆಗತ್ತೆ. ಕಾಗದದಲ್ಲಿ ಬರ್ಕೊಟ್ಟಿದ್ದ.”

“ಕಾಗದ ಎಲ್ಲಿ?”

“ಮೂರು ವರ್ಷದ ಹಿಂದಿನ ಕಾಗದ ನನ್ನ ಜೇಬಲ್ಲಿರತ್ತಾ? ಇಷ್ಟಕ್ಕೂ ಅದರಲ್ಲೇನಿದೆ? ಎಲ್ರೂ ಅಂತಾರೆ, ನಾವೂ ಅಂದ್ವಿ. ನಮ್ಮ ಮನಸ್ಸಲ್ಲಿ ಕೆಟ್ಟದ್ದೇನಾದ್ರೂ ಇತ್ತಾ?”

ಇರಲಿಲ್ಲ. ಅದೂ ನಿಜವೇ. ನನಗೆ ವಾದ ಮಾಡಲು ಬರುವುದಿಲ್ಲ, ಅಡುಗೆ ಬರುತ್ತದೆ. ಪಾಯಸಕ್ಕೆ ಬೇಕೆಂದೇ ಉಪ್ಪು ಹಾಕಿದರೂ ಒಂದೇ, ಸಕ್ಕರೆ ಎಂದುಕೊಂಡು ಹಾಕಿದರೂ ಒಂದೇ. ಉಣ್ಣುವವನ ನಾಲಿಗೆ ಬಡಿಸಿದವಳ ಮನಸ್ಸನ್ನು ಕೇಳಿಕೊಂಡು ರುಚಿ ನೋಡುವುದಿಲ್ಲ. ಅಷ್ಟು ಹೇಳಿ ಒಳಗೆ ಹೋದೆ.

ಬೀದಿಯಲ್ಲಿ ಯಾರಾದರೂ ಹೇಳಿಯಾರೆಂದು ಮೆಲ್ಲಗೆ ವಿಚಾರಿಸಿದೆ. ದಿನಸಿ ಅಂಗಡಿಯವನು ಅವನಿಗೆ ಇಟ್ಟುಕೊಂಡಿದ್ದ ಹೆಸರು ನಮ್ಮದಕ್ಕಿಂತ ಕೆಟ್ಟದು. ಪುಟ್ಟ ಸುಮಳಿಗೆ ಅವನು ‘ಅಂಕಲ್’. ಅತ್ತೆಯನ್ನು ಕೇಳಿದರೆ, “ಅವನಿಗೆ ಬೇರೆ ಹೆಸ್ರು ಇದೆಯೇನೇ?” ಎಂದು ನನ್ನನ್ನೇ ಕೇಳಿದರು. ಶನಿವಾರ ಬೆಳಗಾಯಿತು. ನಾಳೆ ಈ ಹೊತ್ತಿಗೆ ಅವನು ರೈಲಿನಲ್ಲಿರುತ್ತಾನೆ. ಕೇಳಿದರೆ ನನಗೆ ನಾಚಿಕೆ. ಕೇಳದಿದ್ದರೆ ಆ ಹುಡುಗ ಹೆಸರಿಲ್ಲದವನಾಗಿಯೇ ನಮ್ಮ ಮನೆ ಬಿಟ್ಟು ಹೋಗುತ್ತಾನೆ. ಕಾಫಿ ಬೆರೆಸಿ ಲೋಟ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಹನ್ನೊಂದು ಮೆಟ್ಟಿಲು. ಅವತ್ತು ನಂದಿಬೆಟ್ಟವೇ ಅದಕ್ಕಿಂತ ಗಿಡ್ಡ ಎನಿಸಿತು.

ಅವನು ಪುಸ್ತಕಗಳಿಗೆ ಹುರಿ ಕಟ್ಟುತ್ತಿದ್ದ. “ಬನ್ನಿ ಅಮ್ಮ, ಕುಂತ್ಕಳಿ” ಎಂದು ಇದ್ದೊಂದು ಕುರ್ಚಿಯನ್ನು ಒರೆಸಿದ.

ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ನಿಂತೇ ಕೇಳಿಬಿಟ್ಟೆ. “ಅಪ್ಪಾ, ತಪ್ಪು ತಿಳ್ಕೊಬೇಡ. ನಿನ್ನ ಎಸ್ರೇನು?”

ಅವನು ಹುರಿಯ ಗಂಟನ್ನು ಬಿಗಿದ. ಆಮೇಲೆ ನನ್ನ ಮುಖ ನೋಡಿದ.

“ಚಿಸೋಮೊ.”

“ಏನು ಅಂಗಂದ್ರೆ?”

“ದೇವ್ರು ನಾವು ಕೇಳ್ದೆನೇ ಕೊಡ್ತಾನಲ್ಲ ಅಮ್ಮ, ಅದು.”

ಕೃಪೆ. ಅದನ್ನೇ ದಿನಾ ಬೇಡುತ್ತಿದ್ದವಳು ನಾನು, ಕೆಳಗಿನ ಕೋಣೆಯಲ್ಲಿ ಗಂಟೆ ಅಲ್ಲಾಡಿಸಿಕೊಂಡು. ಕುರ್ಚಿ ಬೇಡವೆಂದವಳು ಪುಸ್ತಕದ ಗಂಟಿನ ಮೇಲೇ ಕೂತುಬಿಟ್ಟೆ.

“ನಾವು ನಿನ್ನನ್ನ ಏನಂತಿದ್ವಿ ಅಂತ ನಿಂಗೆ...”

“ಗೊತ್ತಿತ್ತು ಅಮ್ಮ. ಮೊದಲ್ನೇ ವರ್ಸ, ಅದು ‘ಮೇಲ್ಮನೆಯೋನು’ ಅಂತ ಏನೋ ಇರ್ಬೇಕು ಅಂದ್ಕಂಡಿದ್ದೆ. ಕಾಲೇಜಲ್ಲಿ ಅರ್ಥ ಕೇಳ್ದೆ. ಯಾರೂ ಏಳ್ಲಿಲ್ಲ, ಎಲ್ರೂ ನಕ್ಕರು. ಆಗ ಗೊತ್ತಾಯ್ತು.”

“ಮತ್ತೆ ಯಾಕಪ್ಪ ಒಂದಿನಾನೂ ಬಾಯಿ ಬಿಡ್ಲಿಲ್ಲ?”

“ಏನಂತ ಏಳಲಿ? ನೀವು ಅದೇ ಬಾಯಲ್ಲಿ ಉಂಡ್ಯಾ ಅಂತಾನೂ ಕೇಳ್ತಿದ್ರಿ. ಒಂದೊಂದ್ ದಿನ ಮುದ್ದೆ ಗಂಟ್ಲಲ್ಲೇ ನಿಂತ್ಕಳದು. ಅಜ್ಜಿ ಅಗೀಬೇಡ, ನುಂಗು ಅಂತಿದ್ರಲ್ಲ. ನುಂಗ್ದೆ.”

“ತಪ್ಪಾಯ್ತು ಕಣಪ್ಪ” ಎಂದೆ. ಪರವಾಗಿಲ್ಲ ಅಮ್ಮ ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ತಲೆ ಆಡಿಸಿದ, ಅಷ್ಟೇ. ಪರವಾಗಿಲ್ಲ ಎಂದಿದ್ದರೆ ನಾನು ಅವತ್ತೇ ಮರೆತುಬಿಡುತ್ತಿದ್ದೆನೋ ಏನೋ.

ಕಾಫಿ ಕುಡಿದು ಲೋಟವನ್ನು ಬೆಳಕಿಗೆ ತಿರುಗಿಸಿದ. ಬೆರಳನ್ನು ಚುಕ್ಕಿಗಳ ಮೇಲೆ ಓಡಿಸುತ್ತಾ, ಒಂದನೇ ತರಗತಿಯ ಮಗುವಿನ ಹಾಗೆ ಬಿಡಿಬಿಡಿಯಾಗಿ ಓದಿದ: “ಸೌ... ಲ... ಕ್ಷ್ಮೀ... ದೇ... ವ... ಮ್ಮ.”

“ನಿಂಗೆ ಕನ್ನಡ ಓದೋಕೂ ಬರತ್ತಾ?” ಎಂದೆ.

“ನಾನು ಬಂದ ಮೊದಲ್ನೇ ವಾರ ನೀವು ಕಾಫಿ ಕಳ್ಸಿದ್ರಿ. ಇದೇನು ಬರ್ದಿದೆ ಅಂತ ಗೊತ್ತಾಗ್ಲಿಲ್ಲ. ಕಾಗದದ ಮೇಲೆ ಚುಕ್ಕಿ ಇಟ್ಕಂಡು ಕಾಲೇಜಿಗೆ ತಗಂಡೋಗಿ ಕೇಳ್ದೆ. ನಾನು ಮೊದಲು ಓದಿದ ಕನ್ನಡ ಇದೇ ಅಮ್ಮ. ಒಟ್ಟಿಗೆ ಇರೋರ ಎಸ್ರು ಗೊತ್ತಿರ್ಬೇಕಲ್ಲ.”

ಮಧ್ಯಾಹ್ನದ ಊಟ ಬಿಟ್ಟು ಯಶವಂತಪುರಕ್ಕೆ ಓಡಿದೆ. ಬೇರೆ ಡಬ್ಬಿ ಕೊಂಡೆ. ಬಾಷಾ ಸಾಹೇಬರು ಮೂರು ಅಕ್ಷರವನ್ನೂ ಮುತ್ತಿನ ಹಾಗೆ ಹೊಡೆದುಕೊಟ್ಟರು. ಹಳೆಯದರ ಮೇಲಿನ ಅಕ್ಷರವನ್ನು ಉಜ್ಜಿ ಅಳಿಸಿಕೊಡಲೇ ಎಂದು ಕೇಳಿದರು. ಬೇಡ ಎಂದೆ.

ಅತ್ತೆ ಹೊಸ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಮೂರನೆಯ ಸಲಕ್ಕೆ ‘ಸೋಮಣ್ಣ’ ಮಾಡಿಕೊಂಡರು. ಅವನನ್ನೇ ಕೇಳಿ, ಒಪ್ಪಿಗೆ ತೆಗೆದುಕೊಂಡು ಮಾಡಿಕೊಂಡರು, ಅದು ದೊಡ್ಡದು. ಭಾನುವಾರ ಆಟೋ ಹೊರಡುವಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: “ಸೋಮಣ್ಣ, ದಾರೀಲಿ ಮೇವು ತಿನ್ನೋದು ಮರೀಬೇಡ್ವೋ!”

ಮೂರು ತಿಂಗಳ ಮೇಲೆ ಒಂದು ಕಾಗದ ಬಂತು. ಆರ್.ಟಿ. ನಗರ, ಬೆಂಗಳೂರು ಎಲ್ಲ ಇಂಗ್ಲಿಷಿನಲ್ಲಿ. ಮೇಲೆ ಹೆಸರು ಮಾತ್ರ ಕನ್ನಡದಲ್ಲಿ, ‘ಸೌ. ಲಕ್ಷ್ಮೀದೇವಮ್ಮ’. ಅಕ್ಷರಗಳೆಲ್ಲ ಚುಕ್ಕಿಚುಕ್ಕಿ. ಅವನಿಗೆ ಆ ಅಕ್ಷರಗಳನ್ನು ಗೆರೆಯಲ್ಲಿ ಬರೆಯಲು ಬರುತ್ತಲೇ ಇರಲಿಲ್ಲವೋ, ಲೋಟದ ನೆನಪಿಗೆ ಹಾಗೆ ಬರೆದನೋ ಕಾಣೆ. ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಅಂಚೆಯವನು ಬಾಗಿಲಲ್ಲಿ ನಿಂತು, “ಲಕ್ಷ್ಮೀದೇವಮ್ಮ ಅಂತ ಯಾರ್ರೀ ಇಲ್ಲಿ?” ಎಂದು ಕೇಳಿದ. ನಮ್ಮ ಯಜಮಾನರು ಒಂದು ಕ್ಷಣ ಯೋಚನೆ ಮಾಡಿದರು ನೋಡಿ, ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಇಷ್ಟನ್ನೂ ಹೋದ ವಾರ ಸುಮಳಿಗೆ ಹೇಳಿದೆ. ಉಕ್ಕಿದ ಹಾಲು ಒರೆಸುತ್ತಾ ಕೇಳಿದಳು. ಕೇಳಿ ಮುಗಿದ ಮೇಲೆ, “ನಾನು ಸುಮ್ನೆ ಅಂದೆ ಅಮ್ಮ” ಎಂದಳು.

“ಗೊತ್ತು ಕಣೇ. ನಾನೂ ಸುಮ್ನೆ ಅಂದಿದ್ದೇ.”

ಬೇರೆ ಹಾಲಿಟ್ಟು ಕಾಫಿ ಬೆರೆಸಿದೆ. ನನ್ನ ಮದುವೆಯ ಆರು ಲೋಟಗಳಲ್ಲಿ ನಾಲ್ಕು ಉಳಿದಿವೆ, ಎರಡನ್ನು ತೆಗೆದು ತಟ್ಟೆಯಲ್ಲಿಟ್ಟೆ. “ಎದುರುಮನೆಗೆ ಕೊಟ್ಟು ಬಾ. ಒಬ್ಬರ ಮನೆಯ ಪಾತ್ರೆ ಬರಿದಾಗಿ ವಾಪಸ್ ಬರಬಾರದು, ಗೊತ್ತಲ್ಲ? ಎಸ್ರು ಕೇಳ್ಕೊಂಡೇ ಬಾ.”

ಹುಡುಗಿ ಹೋದದ್ದೇ ಹೋದದ್ದು, ಒಂದು ಗಂಟೆ ಪತ್ತೆಯಿಲ್ಲ. ಆಮೇಲೆ ಲೋಟಗಳನ್ನು ತೊಳೆದುಕೊಂಡು, ಎರಡು ಹೆಸರು ತಂದಳು. ಒಬ್ಬಳು ತೋಂಬಿ. ಅದು ಸಲೀಸು. ಇನ್ನೊಬ್ಬಳು ಇಬೆಮ್‌ಹಾಲ್. ಅದೇನು ನನ್ನ ಗ್ರಹಚಾರವೋ, ನಡುಮಧ್ಯದಲ್ಲಿ ಸರಿಯಾಗಿ ಒಂದು ಹಕಾರ! ಬ್ಯಾಟರಾಯನಪುರದ ನಾಲಿಗೆ ಅಲ್ಲಿಗೆ ಬಂದರೆ ಹಳ್ಳಕ್ಕೆ ಬಂದ ಎತ್ತಿನ ಹಾಗೆ ನಿಂತುಬಿಡುತ್ತದೆ. ಈಗ ದಿನಾ ಬೆಳಗ್ಗೆ ಸಾವಿರ ನಾಮ ಮುಗಿದ ಮೇಲೆ, ಅಕ್ಕಿ ಆರಿಸುತ್ತಾ ಇದೊಂದನ್ನು ಹೇಳಿಕೊಳ್ಳುತ್ತೇನೆ. ಸುಮ ಕಾಲೇಜಿನ ಚೀಲ ಹಾಕಿಕೊಳ್ಳುತ್ತಾ ಕಿವಿಗೊಟ್ಟು ಕೇಳಿ, “ಇನ್ನೂ ಬಂದಿಲ್ಲಮ್ಮ, ಇನ್ನೊಂದ್ಸಲ” ಎನ್ನುತ್ತಾಳೆ.